ನೈಟ್ರೊ ಮಾನ್‌ಸ್ಟರ್ ಟ್ರಕ್: ಎರಿ ಮಣ್ಣಿನಲ್ಲಿ ಯಾವುದು ತಾಳುತ್ತದೆ?

ನೈಟ್ರೊ ಮಾನ್‌ಸ್ಟರ್ ಟ್ರಕ್ ಅಂದರೆ ಮೆಥನಾಲ್, ನೈಟ್ರೊಮೀಥೇನ್ ಬೆರೆಸಿದ ಇಂಧನದ ಪುಟ್ಟ ಎಂಜಿನ್ನಿನಿಂದ ಓಡುವ, ರಿಮೋಟಿನಿಂದ ನಡೆಸುವ ದೊಡ್ಡ ಚಕ್ರದ ಮಾದರಿ ಗಾಡಿ. "ಯಾವ ಗಾಡಿ ಗಟ್ಟಿ ಅದ?" ಎಂದು ಕೇಳುವವರಿಗೆ ಮರುಪ್ರಶ್ನೆ ಒಂದೇ: ಓಡಿಸೋ ಜಾಗದ ಮಣ್ಣು ಯಾವುದು? ವಿಜಯಪುರ ಸೀಮೆಯ ಎರಿ ಹೊಲ, ಇಳಕಲ್ಲ ಸುತ್ತಲಿನ ಗ್ರಾನೈಟ್ ಪುಡಿ, ಬೆಳಗಾವಿಯ ಕೆಂಪು ಗರಸು, ಈ ಮೂರೂ ಒಂದೇ ಟ್ರಕ್ಕನ್ನು ಮೂರು ಬೇರೆ ಬೇರೆ ಕಡೆ ಕೆಡಿಸುತ್ತವೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಪೆಟ್ಟು ಯಾವ ಭಾಗಕ್ಕೆ ಹೋಗಿ ಮುಟ್ಟುತ್ತದೆ, ಆ ಭಾಗ ಅಗ್ಗದ್ದೋ ತುಟ್ಟಿಯದೋ ಎಂಬುದನ್ನು ನೋಡಿಯೇ ಗಾಡಿ ಕೊಳ್ಳಬೇಕು.

ಟ್ರ್ಯಾಕ್ಸಸ್ ಕಂಪನಿಯ ಟಿ-ಮ್ಯಾಕ್ಸ್ 1999ರಲ್ಲಿ 2.5 ಸಿಸಿ ಎಂಜಿನ್ನಿನೊಂದಿಗೆ ಬಂದು ಮುಂದೆ 3.3 ಸಿಸಿಗೆ ಏರಿತು. ಎಂಜಿನ್ ಬೆಳೆದಷ್ಟೂ ಹೊರೆ ಬಿದ್ದದ್ದು ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಬೆವೆಲ್ (ಓರೆ ಹಲ್ಲಿನ) ಗೇರುಗಳ ಮೇಲೆ, ಒಂದರೊಳಗೊಂದು ಜಾರುವ ಪ್ಲಾಸ್ಟಿಕ್ ಶಾಫ್ಟುಗಳ ಮೇಲೆ. ಹಗುರ ಗಾಡಿ, ಬಿಚ್ಚಿ ಜೋಡಿಸಲು ಸುಲಭ. ಮೊದಲ ಗಾಡಿಯಾಗಿ ಇದರಲ್ಲಿ ತಪ್ಪೇನಿಲ್ಲ. ಅದೇ ಕಂಪನಿಯ ರೆವೊ 2004ರದು. ಇದರ ಶಾಕ್‌ಗಳು ಷಾಸಿಯ ಒಳಗೆ ಮಲಗಿರುತ್ತವೆ. ಪುಶ್‌ರಾಡ್ (ತಳ್ಳುಕಡ್ಡಿ) ಮತ್ತು ರಾಕರ್ (ತಿರುಗುವ ಸನ್ನೆ) ಮೂಲಕ ಕೆಲಸ ಮಾಡುವುದರಿಂದ ಕಲ್ಲಿನ ಪೆಟ್ಟು ನೇರವಾಗಿ ಶಾಕಿಗೆ ತಾಗುವುದಿಲ್ಲ. ಗಾಡಿ ಕಡಿಮೆ ಪಲ್ಟಿಯಾಗುತ್ತದೆ, ಪಲ್ಟಿ ಕಡಿಮೆಯಾದಷ್ಟು ಮುರಿತವೂ ಕಡಿಮೆ. ಆದರೆ ಚಕ್ರ ಹಿಡಿದಿರುವ ಗುಂಡು ಕೀಲುಗಳ ಮುಚ್ಚಳದೊಳಗೆ ಧೂಳು ಸೇರಿದರೆ ಸಡಿಲಾಗುತ್ತವೆ. ನಾಲ್ಕೈದು ಟ್ಯಾಂಕ್ ಇಂಧನ ಮುಗಿದಾಗೊಮ್ಮೆ ಚಕ್ರ ಹಿಡಿದು ಅಲುಗಾಡಿಸಿ ನೋಡಬೇಕು.

ಎಚ್‌ಪಿಐ ಸ್ಯಾವೇಜ್ ಬೇರೆ ಜಾತಿಯದು. ಎರಡು ಅಲ್ಯೂಮಿನಿಯಂ ತಗಡುಗಳನ್ನು ನೆಟ್ಟಗೆ ನಿಲ್ಲಿಸಿ ನಡುವೆ ಎಂಜಿನ್ ಕೂರಿಸಿದ ಷಾಸಿ. ಎತ್ತರದಿಂದ ಬಿದ್ದರೂ ಬೆನ್ನು ಬಾಗುವುದು ಅಪರೂಪ. ಚಕ್ರಕ್ಕೆ ಶಕ್ತಿ ಒಯ್ಯುವುದು ಎರಡೂ ತುದಿಗೆ ಪಿನ್ ಇರುವ ಉಕ್ಕಿನ ದಂಡ, ಅಂದರೆ ಡಾಗ್‌ಬೋನ್; ಪ್ಲಾಸ್ಟಿಕ್ ಶಾಫ್ಟಿನಂತೆ ತಿರುಚುವುದಿಲ್ಲ, ಆದರೆ ಅದರ ಪಿನ್ ತಾನು ಕೂರುವ ಡಿಫ್ (ಡಿಫರೆನ್ಷಿಯಲ್) ಕಪ್ಪನ್ನು ಸವೆಸುತ್ತಾ ಹೋಗುತ್ತದೆ. ಹಳೆಯ ಸ್ಯಾವೇಜ್‌ನ ಕುಂದು ಡಿಫ್. 43 ಹಲ್ಲಿನ ಕ್ರೌನ್ (ದೊಡ್ಡ ಗೇರು), 13 ಹಲ್ಲಿನ ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಗೇರು), ಹಲ್ಲು ಸಣ್ಣವು. ಅವುಗಳ ಜಾಗಕ್ಕೆ 29 ಮತ್ತು 9ರ ದಪ್ಪ ಹಲ್ಲಿನ ಜೋಡಿ ಹಾಕಿದರೆ ಆ ತಲೆನೋವು ಬಹುಪಾಲು ಮುಗಿಯುತ್ತದೆ. ಕಿಯೋಶೋ ಮ್ಯಾಡ್ ಫೋರ್ಸ್‌ನದು ಲಾರಿಯಂತೆ ಗಟ್ಟಿ ಆಕ್ಸಲ್. ನೆಗೆತ ಚೆಂದ ಇರುವುದಿಲ್ಲ, ಮುರಿಯುವುದಕ್ಕೆ ಭಾಗಗಳೂ ಹೆಚ್ಚಿಲ್ಲ.

ಹಸಿ ಎರಿಗೆ ಸ್ಯಾವೇಜ್, ಗಟ್ಟಿ ಗರಸಿನ ಟ್ರ್ಯಾಕಿಗೆ ರೆವೊ ಎನ್ನುವುದು ನಮ್ಮ ಅಭಿಪ್ರಾಯ. ಮಳೆಯಾದ ಮರುದಿನ ಎರಿ ಹೊಲಕ್ಕೆ ಯಾವ ಗಾಡಿಯನ್ನೂ ಇಳಿಸದಿರುವುದು ಇನ್ನೂ ಒಳ್ಳೆಯದು. ಮಣ್ಣು ಚಕ್ರಕ್ಕೆ ಉಂಡೆಗಟ್ಟಿ, ತಿರುಗುವ ತೂಕ ಹೆಚ್ಚುತ್ತದೆ. ಹೊರೆ ಹೆಚ್ಚಾದಾಗ ಜಾರಿಕೊಡುವ ಕ್ಲಚ್, ಅಂದರೆ ಸ್ಲಿಪ್ಪರ್ ಸುಡುತ್ತದೆ, ಆಮೇಲೆ ಡಿಫ್ ಹೋಗುತ್ತದೆ. ಇಳಿಸಲೇಬೇಕೆಂದರೆ ಸ್ಲಿಪ್ಪರ್ ನಟ್ಟನ್ನು ಎಂದಿನ ಜಾಗಕ್ಕಿಂತ ಕಾಲು ಸುತ್ತು ಸಡಿಲಿಸಿ. ಸುಗ್ಗಿ ಮುಗಿದ ಜೋಳದ ಹೊಲದಲ್ಲಿ ಕೂಳೆಯ ಕಾಟ ಬೇರೆ. ತುಂಡುಗಳು ಎಂಜಿನ್ನಿನಿಂದ ಶಕ್ತಿ ಪಡೆಯುವ ದೊಡ್ಡ ಸ್ಪರ್ ಗೇರಿಗೆ ಸಿಕ್ಕರೆ ಪ್ಲಾಸ್ಟಿಕ್ ಹಲ್ಲು ಒಂದೇ ಏಟಿಗೆ ಉದುರುತ್ತವೆ.

ಡಿಫ್ ಮುರಿಯುವುದು ಹೆಚ್ಚಾಗಿ ನೆಗೆತದಲ್ಲಲ್ಲ, ಇಳಿತದಲ್ಲಿ. ಗಾಳಿಯಲ್ಲಿ ಥ್ರಾಟಲ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಾಕಿದರೆ ಕೆಳಗಿಳಿಯುತ್ತದೆ. ಮೂತಿ ಸರಿಮಾಡುವ ಭರದಲ್ಲಿ ಪೂರ್ತಿ ಥ್ರಾಟಲ್‌ನಲ್ಲೇ ನೆಲ ಮುಟ್ಟಿಸಿದರೆ, ರಭಸದಿಂದ ತಿರುಗುವ ಚಕ್ರಕ್ಕೆ ಮಣ್ಣು ಫಕ್ಕನೆ ತಡೆಯೊಡ್ಡುತ್ತದೆ. ಆ ಪೆಟ್ಟು ಹೋಗಿ ಬೀಳುವುದು ಬೆವೆಲ್ ಹಲ್ಲಿನ ಮೇಲೆ. ನೆಲ ಮುಟ್ಟುವ ಮುನ್ನ ಥ್ರಾಟಲ್ ಬಿಡಬೇಕು. ಹೊಸ ಡಿಫ್ ಜೋಡಿಸುವಾಗ ಕ್ರೌನ್ ಗೇರಿನ ಹಿಂದೆ 0.1 ಅಥವಾ 0.2 ಮಿಮೀ ಶಿಮ್ (ತೆಳು ವಾಷರ್) ಹಾಕಿ ಹಲ್ಲುಗಳ ನಡುವಿನ ಸಡಿಲ ತೆಗೆಯಬೇಕು. ಕೈಯಲ್ಲಿ ತಿರುಗಿಸಿದರೆ ನುಣುಪಾಗಿ ತಿರುಗಬೇಕು, ಬಿಗಿಯಾಗಬಾರದು. ಓಡುವಾಗ "ಕಟಕಟ" ಸದ್ದು ಬಂತೆಂದರೆ ಹಲ್ಲುಗಳು ಒಂದರ ಮೇಲೊಂದು ಜಿಗಿಯುತ್ತಿವೆ. ಅಲ್ಲಿಗೇ ನಿಲ್ಲಿಸಿ.

ಮೊದಲ ಸಲ ಆರ್ಮ್ (ಚಕ್ರವನ್ನು ಷಾಸಿಗೆ ಸೇರಿಸುವ ತೋಳು) ಮುರಿದೊಡನೆ ಅಲ್ಯೂಮಿನಿಯಂ ಆರ್ಮ್ ಹುಡುಕುವವರೇ ಹೆಚ್ಚು. ಬೇಡ. ನೈಲಾನ್ ಆರ್ಮ್ ಬಾಗಿ ಪೆಟ್ಟು ನುಂಗುತ್ತದೆ, ಮುರಿದರೂ ಅಗ್ಗಕ್ಕೆ ಮುಗಿಯುತ್ತದೆ. ಅಲ್ಯೂಮಿನಿಯಂ ಹಾಕಿದರೆ ಅದೇ ಪೆಟ್ಟು ಆರ್ಮ್ ಬಂದು ಸೇರುವ ಬಲ್ಕ್‌ಹೆಡ್ ಸೀಳುತ್ತದೆ. ಆರ್ಮ್ ತಿರುಗುವ ಹಿಂಜ್ ಪಿನ್ನಿಗೂ ಇದೇ ಮಾತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್‌ಗೆ ಕೊರತೆಯಿಲ್ಲ. ಪಿನ್, ಚಕ್ರದ ಹೆಕ್ಸ್ (ಆರು ಮೂಲೆಯ ಬಿಲ್ಲೆ), ಡಿಫ್ ಕಪ್ಪು ಅಲ್ಲೇ ಆಗುತ್ತವೆ. ಕಪ್ಪಿಗೆ ಇಎನ್24 ಎಂಬ ಮಿಶ್ರಲೋಹದ ಉಕ್ಕು ಕೇಳಿ, ಹದ (ಗಡಸುತನ) ರಾಕ್‌ವೆಲ್ ಸಿ 42ರ ಆಸುಪಾಸು ಸಾಕು. ಅದಕ್ಕಿಂತ ಗಡುಸಾದರೆ ಬಾಗದೆ ತುಂಡಾಗುತ್ತದೆ. ಬೆವೆಲ್ ಗೇರನ್ನು ಮಾತ್ರ ಸಾಮಾನ್ಯ ಲೇತ್‌ನಲ್ಲಿ ಮಾಡಿಸಲು ಹೋಗಬೇಡಿ, ಹಣ ದಂಡ.

ಗೇರು, ಆರ್ಮ್ ಹೋದರೆ ಬದಲಿಸಬಹುದು. ಎಂಜಿನ್ನಿನ ಆಯುಷ್ಯವನ್ನು ನಿಜಕ್ಕೂ ಕಡಿಯುವುದು ಧೂಳು. ಹಿತ್ತಾಳೆ ಸ್ಲೀವ್ (ಪಿಸ್ಟನ್ ಓಡುವ ಕೊಳವೆ), ಒಳಗೆ ಕ್ರೋಮ್ ಲೇಪ, ಅಲ್ಯೂಮಿನಿಯಂ ಪಿಸ್ಟನ್. ಪಿಸ್ಟನ್ ರಿಂಗ್ ಇಲ್ಲ. ಮೇಲ್ತುದಿಯಲ್ಲಿ ಸ್ಲೀವ್ ತುಸು ಕಿರಿದಾಗಿ ಪಿಸ್ಟನ್ನನ್ನು ಬಿಗಿಹಿಡಿಯುವುದರಿಂದಲೇ ಕಂಪ್ರೆಷನ್ ಸಿಗುತ್ತದೆ. ಗ್ರಾನೈಟ್ ಪುಡಿ ಒಳಹೋದರೆ ಆ ಬಿಗಿ ಸವೆಯುತ್ತದೆ. ಗುರುತು ಸುಲಭ: ತಣ್ಣಗಿದ್ದಾಗ ಶುರುವಾಗುವ ಎಂಜಿನ್ ಬಿಸಿಯಾಗಿ ನಿಂತ ಮೇಲೆ ಶುರುವಾಗದು, ತಣಿದ ಮೇಲೆ ಮತ್ತೆ ಶುರುವಾಗುತ್ತದೆ. ಫಿಲ್ಟರ್ ಫೋಮನ್ನು ಮೂರು ನಾಲ್ಕು ಟ್ಯಾಂಕಿಗೊಮ್ಮೆ ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ ಬಣ್ಣ ಒಂದೇ ಸಮ ಆಗುವವರೆಗೆ ಹಿಚುಕಬೇಕು. ಫಿಲ್ಟರಿನ ಕೊರಳಿಗೆ ಗ್ರೀಸ್ ಸವರಿ ಕಟ್ಟಿ. ಎಣ್ಣೆಯಿಲ್ಲದ ಒಣ ಫೋಮ್ ಎರಿಯ ಹಿಟ್ಟಿನಂಥ ಧೂಳನ್ನು ತಡೆಯುವುದಿಲ್ಲ.

ಕಾರ್ಬ್ಯುರೇಟರ್ ಹೊಂದಿಸುವಾಗ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಳಿಗಾಲದ ಬೆಳಿಗ್ಗೆ ಗಾಳಿ ದಟ್ಟ, ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕ ಇಂಧನ ಸಾಲದು. ಮಧ್ಯಾಹ್ನದ ಹೊಂದಿಕೆಯಿಂದ ಹೈಸ್ಪೀಡ್ ಸೂಜಿಯನ್ನು (ಇಂಧನದ ಹರಿವು ಹೊಂದಿಸುವ ಸ್ಕ್ರೂ) ಎಂಟನೇ ಒಂದು ಸುತ್ತು ತೆರೆಯಬೇಕು. ಬೆಳಗಾವಿಗಿಂತ ಬಾಗಲಕೋಟೆ ಸುಮಾರು ಇನ್ನೂರು ಮೀಟರ್ ಕೆಳಗಿದೆ, ಅಲ್ಲಿಗೆ ಹೋದಾಗಲೂ ತೆರೆದೇ ಶುರುಮಾಡುವುದು ಕ್ಷೇಮ. ಏಪ್ರಿಲ್ ಬಿಸಿಲಿನಲ್ಲಿ ಗಾಳಿ ತೆಳುವಾಗಿ ಮಿಶ್ರಣ ಗಾಢವಾಗುತ್ತದೆ, ಸೂಜಿ ಮುಚ್ಚುವ ಆಸೆಯಾಗುತ್ತದೆ. ಆದರೆ ಆ ಬಿಸಿಲಲ್ಲಿ ಹೆಡ್ ತಣಿಯುವುದೂ ಕಷ್ಟ. ಥರ್ಮಾಮೀಟರಿನಲ್ಲಿ 105ರಿಂದ 125 ಡಿಗ್ರಿ ಸೆಲ್ಸಿಯಸ್ ಸರಿ, 130 ದಾಟಬಾರದು. ಥರ್ಮಾಮೀಟರ್ ಇಲ್ಲದಿದ್ದರೆ ಹೆಡ್ ಮೇಲೆ ಒಂದು ಹನಿ ನೀರು: ಮೂರರಿಂದ ಐದು ಸೆಕೆಂಡಿನಲ್ಲಿ ಆರಿದರೆ ಸರಿ, ಬಿದ್ದ ಕೂಡಲೇ ಚುಂಯ್ ಎಂದು ಹಾರಿದರೆ ಸೂಜಿ ತೆರೆಯಿರಿ.

ಸದ್ದಿಲ್ಲದೆ ಹೋಗುವುದು ಸ್ಪರ್ ಗೇರನ್ನು ತಿರುಗಿಸುವ ಕ್ಲಚ್ ಬೆಲ್ಲಿನ ಬೇರಿಂಗ್. ಶಾಖಕ್ಕೆ ಗ್ರೀಸ್ ಕರಗಿ ಬೇರಿಂಗ್ ಕಚ್ಚಿಕೊಳ್ಳುತ್ತದೆ, ಬೆಲ್ ಓಲಾಡುತ್ತದೆ, ಅದರ ಹಿಂದೆ ಸ್ಪರ್ ಹಲ್ಲು ತಿಂದುಹೋಗುತ್ತದೆ. ಸ್ಪರ್ ಮೇಲಿಂದ ಮೇಲೆ ಹೋಗುತ್ತಿದೆ ಎನ್ನುವವರು ಮೊದಲು ಈ ಬೇರಿಂಗ್ ನೋಡಬೇಕು. ಎರಡು ಲೀಟರ್ ಇಂಧನ ಸುಟ್ಟ ಮೇಲೆ ಬಿಚ್ಚಿ ನೋಡಿ. ಬೇರಿಂಗ್ ಬದಲಿಸಿದ ಮೇಲೆ ಬೆಲ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ಕಿನ ಹಾಳೆ ತುಂಡು ತೂರಿಸಿ ಎಂಜಿನ್ ಬಿಗಿಮಾಡಿ, ಹಾಳೆ ಹರಿಯದೆ ಸುಕ್ಕಾಗಿ ಹೊರಬಂದರೆ ಹಲ್ಲಿನ ಅಂತರ ಸರಿ. ಎಂಜಿನ್ ಮೌಂಟಿನ ಸ್ಕ್ರೂಗಳಿಗೆ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕ್ ಹಾಕಿ, ನೈಲಾನಿಗೆ ಇಳಿಯುವ ಸ್ಕ್ರೂಗೆ ಹಾಕಬೇಡಿ.

ಗೋಡೆಗೆ ಗುದ್ದಿ ಚೂರಾದ ಗಾಡಿಗಳಲ್ಲಿ ಎಷ್ಟೋ ಓಡಿಸುವವನ ತಪ್ಪಿನಿಂದ ಆದದ್ದಲ್ಲ. ರಿಮೋಟಿನ ಸಂಕೇತ ಪಡೆಯುವ ರಿಸೀವರಿನ ಬ್ಯಾಟರಿ ಇಳಿದಾಗ ಥ್ರಾಟಲ್ ತೆರೆದ ಜಾಗದಲ್ಲೇ ನಿಲ್ಲುತ್ತದೆ, ಐದು ಕಿಲೊ ಆಸುಪಾಸಿನ ಗಾಡಿ ತಡೆಯಿಲ್ಲದೆ ಓಡುತ್ತದೆ. ಕಾರ್ಬ್ಯುರೇಟರಿಗೆ ಥ್ರಾಟಲನ್ನು ತಾನೇ ಮುಚ್ಚುವ ಸ್ಪ್ರಿಂಗ್ ಹಾಕಿ, ಸಂಕೇತ ಕಡಿದಾಗ ಗಾಡಿ ಕಾಯುವ ಫೇಲ್‌ಸೇಫ್ ಅನ್ನು ಬ್ರೇಕಿಗೆ ಹೊಂದಿಸಿ. ಪ್ರತಿ ಸಲ ಗಾಡಿಯನ್ನು ಇಟ್ಟಿಗೆ ಮೇಲೆ ಕೂರಿಸಿ, ಎಂಜಿನ್ ಶುರುಮಾಡುವ ಮುನ್ನ ಟ್ರಾನ್ಸ್‌ಮಿಟರ್ ಆರಿಸಿ ಸರ್ವೊ (ಥ್ರಾಟಲ್, ಬ್ರೇಕ್ ಎಳೆಯುವ ಮೋಟಾರು) ಬ್ರೇಕ್ ಕಡೆ ಹೋಯಿತೇ ನೋಡಿ. ಓಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಇಂಧನದಲ್ಲಿನ ಮೆಥನಾಲ್ ಗಾಳಿಯ ತೇವ ಹೀರಿ ಬೇರಿಂಗ್ ತುಕ್ಕು ಹಿಡಿಸುತ್ತದೆ, ಅದರ ಉರಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆಗೆ ಹೋದರೆ ವಿಷ. ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಗ್ಲೋ ಪ್ಲಗ್ ತೆಗೆದು, ಓಟದ ನಂತರ ಹಾಕುವ ತುಕ್ಕು ತಡೆಯುವ ನಾಲ್ಕೈದು ಹನಿ ಆಫ್ಟರ್‌ರನ್ ಎಣ್ಣೆ ಬಿಟ್ಟು, ಕೆಲವು ಸುತ್ತು ತಿರುಗಿಸಿ, ಪಿಸ್ಟನ್ ಕೆಳತುದಿಯಲ್ಲಿ ನಿಲ್ಲುವಂತೆ ಫ್ಲೈವೀಲ್ ತಿರುಗಿಸಿ ಇಡಿ. ಮೇಲೆ ನಿಂತು ತಣಿದರೆ ಸ್ಲೀವ್ ಪಿಸ್ಟನ್ನನ್ನು ಹಿಡಿದುಬಿಡುತ್ತದೆ.