ಪೆಬಲ್ ಗಣಿ ಪ್ರಕರಣ: ನೆಲ ತಮ್ಮದಲ್ಲದಾಗ ನೀರಿನ ಕಾನೂನು ಹಿಡಿದವರು

ಅಮೆರಿಕದ ಅಲಾಸ್ಕಾದಲ್ಲಿ ತೆರೆಯಲು ಹೊರಟಿದ್ದ ಪೆಬಲ್ ಎಂಬ ಗಣಿಯನ್ನು ಅಲ್ಲಿನ ಮೂಲನಿವಾಸಿಗಳು ಎದುರಿಸಿದ ಕಥೆ ಇದು. ಈ ಪ್ರಕರಣ ಓದುವವರು ಸಾಮಾನ್ಯವಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಮೂಲನಿವಾಸಿಗಳು ತಮ್ಮ ಜಮೀನಿನಲ್ಲಿ ಗಣಿ ಬೇಡವೆಂದರು, ಗೆದ್ದರು ಎಂದು ಬರೆದುಕೊಳ್ಳುತ್ತಾರೆ. ಅದಿರಿರುವ ನೆಲ ಅವರದಲ್ಲ, ಅಲಾಸ್ಕಾ ರಾಜ್ಯದ್ದು. ಗಣಿ ಹಕ್ಕು ಕೊಟ್ಟದ್ದೂ ರಾಜ್ಯವೇ. ಒಡೆತನದ ವಾದ ಹೂಡಿದ್ದರೆ ಅದು ನಿಲ್ಲುತ್ತಲೇ ಇರಲಿಲ್ಲ.

ಜಾಗ ಅಲಾಸ್ಕಾದ ಆಂಕರೇಜ್ ನಗರದಿಂದ ನೈಋತ್ಯಕ್ಕೆ ಸುಮಾರು 320 ಕಿ.ಮೀ. ದೂರದಲ್ಲಿದೆ. ನುಶಾಗಾಕ್ ಮತ್ತು ಕ್ವೀಜಾಕ್ ನದಿಗಳು ಹುಟ್ಟುವ ಕಡೆ ತಾಮ್ರ, ಚಿನ್ನ, ಮಾಲಿಬ್ಡಿನಮ್ ಲೋಹಗಳಿವೆ. ಎರಡೂ ನದಿಗಳು ಬ್ರಿಸ್ಟಲ್ ಕೊಲ್ಲಿಗೆ ಸೇರುತ್ತವೆ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಮೀನು; ಸಾಕೈ ಅದರ ಒಂದು ಜಾತಿ. ಪ್ರಪಂಚದ ಸಾಕೈ ಸಾಲ್ಮನ್‌ನಲ್ಲಿ ಅರ್ಧದಷ್ಟು ಈ ಕೊಲ್ಲಿಯ ನದಿಗಳದ್ದು. 2022ರಲ್ಲಿ ಮರಳಿ ಬಂದ ಮೀನು ಸುಮಾರು 7.9 ಕೋಟಿ. ಯೂಪಿಕ್, ಡೆನೈನಾ, ಅಲೂಟಿಕ್ ಎಂಬ ಮೂಲನಿವಾಸಿ ಜನರಿಗೆ ಇದು ಚಳಿಗಾಲದ ಊಟ.

ಗಣಿಯಿಂದ ಮೀನಿಗೆ ಏನಾಗುತ್ತದೆ ಎನ್ನುವುದೇ ಇಡೀ ಪ್ರಕರಣದ ತಿರುಳು, ಇದನ್ನು ನಿಧಾನವಾಗಿ ಓದಿ. ಸಾಲ್ಮನ್ ಹೊಳೆಯ ಜಲ್ಲಿಯಲ್ಲಿ ಕುಳಿ ತೋಡಿ ಮೊಟ್ಟೆಯಿಡುತ್ತದೆ. ಕೆಳಗಿನಿಂದ ಅಂತರ್ಜಲ ಒಸರುತ್ತಿದ್ದರೆ ಮೊಟ್ಟೆ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ಆಮ್ಲಜನಕವೂ ಸಿಗುತ್ತದೆ. ಗಣಿ ಹೊಂಡ ಒಣಗಿಸಲು ನೀರೆತ್ತಿದರೆ ಆ ಒಸರು ತಗ್ಗುತ್ತದೆ. ಸಣ್ಣ ಮಣ್ಣು ಜಲ್ಲಿಯ ಸಂದಿಗೆ ಸೇರಿದರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಅದಿರು ಸಲ್ಫೈಡ್, ಅಂದರೆ ಗಂಧಕ ಕೂಡಿದ ಜಾತಿಯದು. ಗಾಳಿ, ನೀರು ತಗುಲಿದರೆ ಗಂಧಕಾಮ್ಲವಾಗಿ ತಾಮ್ರವನ್ನು ಕರಗಿಸಿಕೊಂಡು ಹರಿಯುತ್ತದೆ. ಸಾಲ್ಮನ್ ಹುಟ್ಟಿದ ಹೊಳೆಯನ್ನು ಗುರುತಿಸುವುದು ವಾಸನೆಯಿಂದ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಹೆಚ್ಚಾದರೂ ಆ ಮೂಗು ಮಂಕಾಗುತ್ತದೆ. ಮೀನು ಸಾಯಬೇಕೆಂದಿಲ್ಲ, ದಾರಿ ತಪ್ಪಿದರೆ ಸಾಕು. ತಾಮ್ರದ ಪ್ರಮಾಣ ಶೇಕಡ ಅರ್ಧಕ್ಕಿಂತಲೂ ಕಡಿಮೆ, ಅಂದರೆ ಅಗೆದದ್ದರಲ್ಲಿ ಬಹುಪಾಲು ತ್ಯಾಜ್ಯ ಕೆಸರಾಗಿ ಕಟ್ಟೆಯ ಹಿಂದೆ ಉಳಿಯುತ್ತದೆ. ಇಂಥ ಕಟ್ಟೆ ಒಡೆಯುವುದು ಬರೀ ಊಹೆಯಲ್ಲ: 2014ರ ಆಗಸ್ಟ್‌ನಲ್ಲಿ ಕೆನಡಾದ ಮೌಂಟ್ ಪಾಲಿಯಲ್ಲಿ ಸುಮಾರು 2.5 ಕೋಟಿ ಘನ ಮೀಟರ್ ಕೆಸರುನೀರು ಹೊರನುಗ್ಗಿ ಕ್ವೆನೆಲ್ ಸರೋವರ ಸೇರಿತು. ಕಟ್ಟೆಯ ಅಡಿಯಲ್ಲಿದ್ದ ಮೆತ್ತನೆಯ ಜೇಡಿಮಣ್ಣಿನ ಪದರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

‘ಒಂದೆರಡು ತೊರೆ ಹೋದರೇನಂತೆ?’ ಎಂಬ ಪ್ರಶ್ನೆಗೂ ಉತ್ತರ ಬೇಕು. ಬೇರೆ ಬೇರೆ ತೊರೆಗಳ ಸಾಕೈ ಬೇರೆ ಬೇರೆ ವಯಸ್ಸಿಗೆ, ಬೇರೆ ಬೇರೆ ವಾರದಲ್ಲಿ ಮರಳುತ್ತವೆ. ಒಂದು ತೊರೆ ಕೈಕೊಟ್ಟ ವರ್ಷ ಇನ್ನೊಂದು ತುಂಬುತ್ತದೆ. ಕೊಲ್ಲಿಯ ಮೀನುಗಾರಿಕೆ ವರ್ಷ ವರ್ಷ ತೀರಾ ಏರುಪೇರಾಗದಿರುವುದು ಈ ವೈವಿಧ್ಯದಿಂದ.

ಇನ್ನು ಕಾನೂನು. ಅಮೆರಿಕದ ಶುದ್ಧ ನೀರಿನ ಕಾಯ್ದೆಯ 404ನೇ ಕಲಮಿನಂತೆ ಹೊಳೆ, ಜೌಗಿಗೆ ಮಣ್ಣು ತುಂಬಲು ಸೇನೆಯ ಎಂಜಿನಿಯರ್ ದಳದ ಪರವಾನಗಿ ಬೇಕು. 404(ಸಿ) ಉಪಕಲಮು ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಗೆ ತಡೆಯುವ ಅಧಿಕಾರ ಕೊಡುತ್ತದೆ. ನೆಲ ಯಾರದ್ದೇ ಇರಲಿ, ಇದು ಅನ್ವಯಿಸುತ್ತದೆ. 2010ರ ಮೇ ತಿಂಗಳಲ್ಲಿ ಆರು ಬುಡಕಟ್ಟು ಸರ್ಕಾರಗಳು ಈ ಅಧಿಕಾರ ಬಳಸುವಂತೆ ಇಪಿಎಗೆ ಅರ್ಜಿ ಕೊಟ್ಟವು. ‘ಸರ್ಕಾರ’ ಎಂಬ ಪದ ಗಮನಿಸಿ: ಒಕ್ಕೂಟ (ಕೇಂದ್ರ) ಸರ್ಕಾರದ ಮನ್ನಣೆ ಪಡೆದ ಬುಡಕಟ್ಟಿನ ಜೊತೆ ವಾಷಿಂಗ್ಟನ್, ಒಂದು ಸರ್ಕಾರ ಇನ್ನೊಂದು ಸರ್ಕಾರದೊಡನೆ ಮಾತಾಡುವಂತೆ, ಸಮಾಲೋಚಿಸಬೇಕು. ಸಾಮಾನ್ಯ ಸಂಘಟನೆಗೆ ಆ ಸ್ಥಾನವಿಲ್ಲ. 2013ರಲ್ಲಿ ಬುಡಕಟ್ಟುಗಳು ‘ಯುನೈಟೆಡ್ ಟ್ರೈಬ್ಸ್ ಆಫ್ ಬ್ರಿಸ್ಟಲ್ ಬೇ’ ಕಟ್ಟಿಕೊಂಡವು.

ಮುಂದಿನ ದಾರಿ ನೇರವಾಗಿರಲಿಲ್ಲ. 2014ರ ಜನವರಿಯಲ್ಲಿ ಇಪಿಎಯ ಜಲಾನಯನ ಅಧ್ಯಯನ ಮುಗಿಯಿತು, ಜುಲೈನಲ್ಲಿ ನಿರ್ಬಂಧದ ಪ್ರಸ್ತಾವ ಬಂತು. 2019ರಲ್ಲಿ ಇಪಿಎ ಅದನ್ನು ಹಿಂತೆಗೆದುಕೊಂಡಿತು. 2020ರ ನವೆಂಬರ್‌ನಲ್ಲಿ ಎಂಜಿನಿಯರ್ ದಳ ಪರವಾನಗಿ ನಿರಾಕರಿಸಿತು. ಹಾನಿಗೆ ಪರಿಹಾರವಾಗಿ ಗಣಿ ಕಂಪನಿ ಕೊಟ್ಟ ಯೋಜನೆ ನಿಯಮಕ್ಕೆ ಹೊಂದಲಿಲ್ಲ ಎಂಬುದು ಒಂದು ಕಾರಣ, ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬುದು ಇನ್ನೊಂದು. 2021ರಲ್ಲಿ ಇಪಿಎಯ ಹಿಂತೆಗೆತವನ್ನು ನ್ಯಾಯಾಲಯ ರದ್ದುಪಡಿಸಿತು. ಇಪಿಎಯ ಅಂತಿಮ ನಿರ್ಧಾರ 2023ರ ಜನವರಿಯದು. 2020ರ ಗಣಿ ಯೋಜನೆಯಿಂದ ಸಾಲ್ಮನ್ ಇರುವುದು ದಾಖಲಾದ 13.7 ಕಿ.ಮೀ. ಹೊಳೆ, ಅದಕ್ಕೆ ನೀರುಣಿಸುವ ಬೇರೆ 147 ಕಿ.ಮೀ. ತೊರೆ, 2,108 ಎಕರೆ ಜೌಗು ಮುಂತಾದ ಜಲಪ್ರದೇಶ ಶಾಶ್ವತವಾಗಿ ಹೋಗುತ್ತವೆ ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ಪರೀಕ್ಷೆಯಲ್ಲಿ ‘ಗಣಿ ನಿಷೇಧ’ ಎಂದು ಬರೆದರೆ ತಪ್ಪು. ನಿಷೇಧವಾದದ್ದು ಆ ನೀರಿಗೆ ಗಣಿಯ ಮಣ್ಣು, ತ್ಯಾಜ್ಯ ತುಂಬುವುದು.

ಇದು ಆಡಳಿತದ ನಿರ್ಧಾರ, ಬೇರೆ ಆಡಳಿತ ಮರಳಿ ತೆರೆಯಬಹುದು. ರಾಜ್ಯವೂ ಕಂಪನಿಯೂ 2024ರಲ್ಲಿ ಮೊಕದ್ದಮೆ ಹೂಡಿದವು. ಅದಕ್ಕೇ ನನ್ನ ಲೆಕ್ಕದಲ್ಲಿ, ಕಡಿಮೆ ಸುದ್ದಿಯಾದ ಇನ್ನೊಂದು ಹೆಜ್ಜೆಗೆ ಹೆಚ್ಚು ತೂಕ. ಕಂಪನಿ 2020ರಲ್ಲಿ ಆರಿಸಿಕೊಂಡ ಸಾಗಣೆ ದಾರಿ ಇಲಿಯಾಮ್ನಾ ಸರೋವರದ ಉತ್ತರಕ್ಕೆ, ಪೆಡ್ರೊ ಬೇ ಎಂಬ ಹಳ್ಳಿಯ ಮೂಲನಿವಾಸಿ ಕಾರ್ಪೊರೇಷನ್ನಿನ (ಮೂಲನಿವಾಸಿಗಳೇ ಒಡೆಯರಾದ ಕಂಪನಿಯ) ನೆಲದ ಮೇಲೆ ಹಾದುಹೋಗುತ್ತಿತ್ತು. ಆ ನೆಲ ಮಾತ್ರ ನಿಜವಾಗಿ ಅವರದು. 2022ರ ಕೊನೆಗೆ 44,000 ಎಕರೆಗೂ ಮೀರಿದ ಜಾಗಕ್ಕೆ ಅವರು ಸಂರಕ್ಷಣಾ ಕರಾರು ಮಾಡಿಕೊಟ್ಟರು. ಈ ಕರಾರು ನೆಲಕ್ಕೇ ಅಂಟಿಕೊಂಡದ್ದು, ಒಡೆಯರು ಬದಲಾದರೂ ಉಳಿಯುತ್ತದೆ. ಇಪಿಎಯ ತೀರ್ಮಾನ ಬದಲಾದರೂ ಗಣಿಯ ರಸ್ತೆಗೆ ಅಲ್ಲಿ ಜಾಗವಿಲ್ಲ.