ನೆರೆ ಇಳಿದ ಊರಿಗೆ ಏನು ಕಳುಹಿಸಬೇಕು?

ಪ್ರಶ್ನೆ: ನಮ್ಮ ಅಜ್ಜನ ಮನೆ ತೀರ್ಥಹಳ್ಳಿ ಕಡೆ. ನಾವು ಇರುವುದು ಬೆಂಗಳೂರಿನಲ್ಲಿ. ಹೊಳೆ ಉಕ್ಕಿತು, ಧರೆ ಕುಸಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಗೆಳೆಯರು ಸೇರಿ ಅಕ್ಕಿ, ಬಟ್ಟೆ, ಬಿಸ್ಕತ್ತು ಕಳುಹಿಸುತ್ತೇವೆ. ಇದರಿಂದ ನಿಜಕ್ಕೂ ಉಪಯೋಗವಿದೆಯೇ? ಬೇರೇನು ಮಾಡಬಹುದು?

ಉತ್ತರ: ಮೊದಲ ವಾರಕ್ಕೆ ಅಕ್ಕಿ ಬೇಕು. ಆದರೆ ಆ ವಾರ ಊರು ಒಂಟಿಯಾಗಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ, ಅದೇ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜರಿದಾಗ, ಇಡೀ ನಾಡಿನ ಕಣ್ಣು ಇತ್ತ ತಿರುಗಿತ್ತು. ಊರು ಒಂಟಿಯಾಗುವುದು ಸೆಪ್ಟೆಂಬರ್‌ನಲ್ಲಿ, ಟಿವಿಯವರೂ ಲಾರಿಗಳೂ ಹೋದ ಮೇಲೆ. ನಿಮ್ಮ ಹಣವನ್ನೂ ರಜೆಯನ್ನೂ ಆ ಹೊತ್ತಿಗೆ ಉಳಿಸಿಕೊಳ್ಳಿ ಎಂಬುದೇ ನನ್ನ ಮೊದಲ ಮಾತು. ಹಳೆಯ ಬಟ್ಟೆಯನ್ನಂತೂ ದಯವಿಟ್ಟು ಕಳುಹಿಸಬೇಡಿ. ಬಟ್ಟೆಯ ಗಂಟುಗಳು ಶಾಲೆಯ ಜಗಲಿಯಲ್ಲೇ ಬೂಸ್ಟು ಹಿಡಿದು ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಕ್ಕಿಯನ್ನೂ ಆ ಊರಿನ ಅಂಗಡಿಯಲ್ಲೇ ಕೊಂಡು ಕೊಡಿ. ನೀರು ನುಗ್ಗಿದ್ದು ಆ ಅಂಗಡಿಗೂ ತಾನೇ.

ಹೊಳೆಯಂಚಿನ ಅಡಿಕೆ ತೋಟಕ್ಕೆ ನೆರೆ ಬಂದು ಹೋದರೂ ಮರಗಳು ನಿಂತೇ ಇರುತ್ತವೆ. ರಸ್ತೆಯಿಂದ ನೋಡಿದವರು ತೋಟ ಉಳಿಯಿತು ಎಂದುಕೊಳ್ಳುತ್ತಾರೆ. ಒಳಗೆ ಇಳಿದು ನೋಡಿದರೆ ಬಸಿಗಾಲುವೆಗಳೆಲ್ಲ ಹೂಳು ತುಂಬಿ ಮುಚ್ಚಿರುತ್ತವೆ. ಬುಡದಲ್ಲಿ ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಅದಕ್ಕೂ ಮೊದಲೇ ಸೊರಗುತ್ತದೆ. ಸಾಲುಗಳ ನಡುವೆ ಯಂತ್ರ ಇಳಿಸಲಾಗದ ತೋಟಗಳೇ ಹೆಚ್ಚು. ಗುದ್ದಲಿ, ಬುಟ್ಟಿ, ಆಳು, ಇಷ್ಟೇ ದಾರಿ. ಇಂಥ ಕೆಲಸಕ್ಕೆ ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಇದೆ: ಇಂದು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಇಡೀ ಊರೇ ಮುಳುಗಿದಾಗ ಮುಯ್ಯಿಗೆ ಬರುವವರು ಯಾರು? ನೀವು ಹತ್ತು ಜನ ಗೆಳೆಯರು ಎರಡು ಶನಿವಾರ, ಭಾನುವಾರ ಬಂದರೆ ಅಲ್ಲಿಗೆ ಒದಗುತ್ತೀರಿ. ಬರಲಾಗದಿದ್ದರೆ ಊರಿನ ಆಳುಗಳಿಗೇ ಕೂಲಿ ಕೊಟ್ಟು ಮಾಡಿಸಿ. ಅದು ಇನ್ನೂ ಒಳ್ಳೆಯದು. ಕಾಲಿಗೆ ಗಾಯವಿದ್ದವರು ಮಾತ್ರ ಕೆಸರಿಗೆ ಇಳಿಯಬೇಡಿ. ಕೆಸರುನೀರಿನಿಂದ ಗಾಯದ ಮೂಲಕ ಅಂಟುವ ಇಲಿಜ್ವರ ಇಲ್ಲಿ ಹೊಸದಲ್ಲ. ಗಂಬೂಟು ಹಾಕಿಕೊಳ್ಳಿ, ಆಮೇಲೆ ಜ್ವರ, ಮೀನಖಂಡದ ನೋವು ಕಾಣಿಸಿಕೊಂಡರೆ ಕೆಸರಿನಲ್ಲಿ ದುಡಿದಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಒಂದು ಎಚ್ಚರಿಕೆ. ಗುದ್ದಲಿ ಹಾಕುವ ಮುನ್ನ ಹೂಳಿಗೆ ಅಡಿಪಟ್ಟಿ ನೆಟ್ಟು ಫೋಟೊ ತೆಗೆಯಿರಿ. ಜಮೀನಿನ ಹೂಳು ತೆಗೆಸಲು ಸರ್ಕಾರದ ನೆರವು ಸಿಗಬೇಕಾದರೆ ಅದರ ದಪ್ಪ 3 ಇಂಚು ಮೀರಿರಬೇಕು, ಅಧಿಕಾರಿ ಬಂದು ದೃಢೀಕರಿಸಬೇಕು. ಬೆಳೆ ಪರಿಹಾರಕ್ಕೆ ನಷ್ಟ ಕನಿಷ್ಠ ಶೇ 33 ಆಗಿರಬೇಕು. ಒಳ್ಳೆಯ ಮನಸ್ಸಿನಿಂದ ಬಂದವರು ಒಂದೇ ದಿನದಲ್ಲಿ ಅಂಗಳ, ತೋಟ ಎಲ್ಲ ಬಳಿದು ಹೋಗುತ್ತಾರೆ; ಮರುವಾರ ಸಮೀಕ್ಷೆಗೆ ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಪಹಣಿ, ಪಡಿತರ ಚೀಟಿ, ಪಾಸ್ ಪುಸ್ತಕ ಕೊಚ್ಚಿಹೋಗಿದ್ದರೆ ಹಿರಿಯರ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಬರೆದುಕೊಡುವುದು ಅಕ್ಕಿಮೂಟೆ ಹೊರುವುದಕ್ಕಿಂತ ದೊಡ್ಡ ಕೆಲಸ.

ಯಾವ ಪಟ್ಟಿಯಲ್ಲೂ ಹೆಸರಿಲ್ಲದವರನ್ನು ಕೇಳಿಕೊಂಡು ಹೋಗಿ. ಬಗರ್ ಹುಕುಂ ಜಮೀನಿಗೆ, ಅಂದರೆ ಮಂಜೂರಾಗದೆ ಉಳುತ್ತಿರುವ ಸರ್ಕಾರಿ ಜಮೀನಿಗೆ, ಉಳುವವರ ಹೆಸರಿನಲ್ಲಿ ಪಹಣಿ ಇರುವುದಿಲ್ಲ. ಮರವೇರಿ ಅಡಿಕೆಯ ಕೊನೆ (ಗೊಂಚಲು) ಕೊಯ್ಯುವವರಿಗೆ, ಅಡಿಕೆ ಸುಲಿಯುವ ಹೆಂಗಸರಿಗೆ ತೋಟವೇ ಇಲ್ಲ. ಫಸಲು ಹೋದ ವರ್ಷ ಅವರ ಕೂಲಿಯೂ ಹೋಗುತ್ತದೆ. ಅದನ್ನು ನಷ್ಟ ಎಂದು ಬರೆದುಕೊಳ್ಳುವವರು ಯಾರೂ ಇಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ. ನಿಮ್ಮ ಹಣದ ಮೊದಲ ಪಾಲು ಈ ಮನೆಗಳಿಗೆ ಹೋಗಲಿ.

ಹಟ್ಟಿಯ ದನಗಳಿಗೂ ಹಸಿವು. ಗದ್ದೆ ಮುಳುಗಿದರೆ ಆ ವರ್ಷದ ಹುಲ್ಲೂ ಇಲ್ಲ. ಭದ್ರಾವತಿ, ದಾವಣಗೆರೆ ಕಡೆಯಿಂದ ಒಂದು ಲೋಡು ಒಣಹುಲ್ಲು ತರಿಸಿಕೊಟ್ಟರೆ ದನ ಮಾರುವುದು ತಪ್ಪುತ್ತದೆ.

ಸತ್ತ ಮರಗಳ ಜಾಗಕ್ಕೆ ಸಸಿ ಬೇಕು. ಎತ್ತರದಲ್ಲಿರುವ ತೋಟದವರಿಗೆ ಈಗಲೇ ಹೇಳಿ, ಈ ಕೊಯ್ಲಿನಲ್ಲಿ ಬೀಜದ ಗೋಟು (ಪೂರ್ತಿ ಹಣ್ಣಾದ ಅಡಿಕೆ) ತುಸು ಹೆಚ್ಚೇ ಆರಿಸಿ ಪಾತಿಗೆ ಹಾಕಲಿ, ಖರ್ಚು ನಿಮ್ಮದು. ನೆಡುವಷ್ಟು ಬೆಳೆಯಲು ವರ್ಷ, ಒಂದೂವರೆ ವರ್ಷ ಬೇಕು. ನೆಟ್ಟ ಮೇಲೆ ಮೊದಲ ಕೊನೆ ಕಾಣಲು ಇನ್ನೂ ಐದಾರು ವರ್ಷ. ನಡುವೆ ಬಾಳೆ ಹಾಕಿದರೆ ಸುಮಾರು ಒಂದು ವರ್ಷದಲ್ಲಿ ಕೈಗೆ ನಾಲ್ಕು ಕಾಸು ಬರುತ್ತದೆ. ಬಾಳೆಗಿಡಕ್ಕೂ ಅಷ್ಟು ತೆಗೆದಿಡಿ.