ಚಳಿ ಏರುವುದು ನೆಲದಿಂದ

ಮೊದಲ ಸಲ ಕ್ಯಾಂಪಿಂಗ್‌ಗೆ ಹೊರಟವರ ಚೀಲದಲ್ಲಿ ದಪ್ಪನೆಯ ಎರಡು ಹೊದಿಕೆ, ಉದ್ದನೆಯ ಚಾಕು, ವಾರಕ್ಕಾಗುವಷ್ಟು ತಿಂಡಿ ಇದ್ದೇ ಇರುತ್ತದೆ. ಬೆನ್ನ ಕೆಳಗೆ ಹಾಸುವ ಮ್ಯಾಟ್ ಮಾತ್ರ ಇರುವುದಿಲ್ಲ. ನಡುರಾತ್ರಿ ನಡುಗುತ್ತ ಎದ್ದು ಕೂತವರು ಹೊದಿಕೆ ಸಾಲಲಿಲ್ಲ ಎಂದುಕೊಳ್ಳುತ್ತಾರೆ. ಕೊರತೆಯಿದ್ದದ್ದು ಮೇಲೆ ಅಲ್ಲ, ಕೆಳಗೆ.

ಹೊದಿಕೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಮೈಭಾರ ಬಿದ್ದ ಕಡೆ ಆ ಗಾಳಿ ಹೊರಟುಹೋಗಿ ಬಟ್ಟೆ ಚಪ್ಪಟೆಯಾಗುತ್ತದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದುಬಾರಿಯದಾದರೂ ಬೆನ್ನ ಕೆಳಗಿನ ಭಾಗ ಹೆಸರಿಗಷ್ಟೇ. ಅಲ್ಲಿಂದ ಮುಂದೆ ನೆಲ ನಿಮ್ಮ ಶಾಖವನ್ನು ಹೀರುತ್ತಲೇ ಇರುತ್ತದೆ.

ಎಷ್ಟು ಹೀರುತ್ತದೆ ಎಂದು ಲೆಕ್ಕ ಹಾಕಬಹುದು. ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಎಂಬ ಸಂಖ್ಯೆ ಇರುತ್ತದೆ. ಶಾಖಕ್ಕೆ ಅದು ಎಷ್ಟು ಅಡ್ಡಿ ಒಡ್ಡುತ್ತದೆ ಎಂಬುದರ ಅಳತೆ ಅದು. ನೆಲಕ್ಕೆ ಒತ್ತುವ ಮೈ ಸುಮಾರು 0.4 ಚದರ ಮೀಟರ್, ಮೈಯ ಕಡೆ 30 ಡಿಗ್ರಿ ಸೆಲ್ಸಿಯಸ್, ನೆಲದ ಕಡೆ 10 ಡಿಗ್ರಿ ಎಂದಿಟ್ಟುಕೊಳ್ಳಿ. ಆರ್ 1ರ ಮ್ಯಾಟ್ ಮೂಲಕ ಸರಿಸುಮಾರು 45 ವ್ಯಾಟ್ ಶಾಖ ನೆಲ ಸೇರುತ್ತದೆ. ಆರ್ 2 ಆದರೆ 23, ಆರ್ 4 ಆದರೆ 11. ನಿದ್ದೆಯಲ್ಲಿರುವ ದೇಹ ಉತ್ಪಾದಿಸುವುದೇ ಸುಮಾರು 75 ವ್ಯಾಟ್, ಹಳೇ ಕಾಲದ ಒಂದು ಬುರುಡೆ ಬಲ್ಬಿನಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಪಾಲಾದರೆ ಮೇಲಿನ ಹೊದಿಕೆ ಏನು ತಾನೇ ಮಾಡೀತು?

ಸುರುಳಿ ಸುತ್ತುವ ಅಥವಾ ಮಡಚುವ ಸಾದಾ ಫೋಮ್ ಮ್ಯಾಟ್ ಆರ್ 2ರ ಆಸುಪಾಸು ಇರುತ್ತದೆ. ಅದಕ್ಕೆ ತೂತು ಬೀಳುವ ಭಯವಿಲ್ಲ. ಮೊದಲ ಸಲಕ್ಕೆ ಅದೇ ಸಾಕು. ಮೋಸ ಹೋಗುವುದು ಒಂದು ಗೇಣು ದಪ್ಪದ ಗಾಳಿಹಾಸಿಗೆಯಲ್ಲಿ. ದಪ್ಪ ಇದ್ದರೆ ಬೆಚ್ಚಗಿರಬೇಕಲ್ಲ ಅನಿಸುತ್ತದೆ, ಆದರೆ ಒಳಗೆ ತಡೆಯಿಲ್ಲದ ದೊಡ್ಡ ಪೊಳ್ಳು ಇರುವುದರಿಂದ ಮೈ ಹೊರಳಿದಾಗೆಲ್ಲ ಗಾಳಿ ಸುತ್ತು ಹೊಡೆದು ಶಾಖವನ್ನು ಕೆಳಕ್ಕೆ ಸಾಗಿಸುತ್ತದೆ. ಒಳಗೆ ನಾರು ತುಂಬಿಲ್ಲದ ಇಂಥ ಹಾಸಿಗೆ ತೆಳ್ಳನೆಯ ಫೋಮ್‌ಗೂ ಸಮ ಬಾರದಿರಬಹುದು. ಚಳಿ ಹೆಚ್ಚಿದ್ದರೆ ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿ. ಆರ್ ಸಂಖ್ಯೆಗಳು ನೇರವಾಗಿ ಕೂಡಿಕೊಳ್ಳುತ್ತವೆ.

ಇನ್ನು ಸ್ಲೀಪಿಂಗ್ ಬ್ಯಾಗ್. ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆಗೊಳಗಾದ ಚೀಲದ ಮೇಲೆ ಮೂರು ತಾಪಮಾನಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಕೈಕಾಲು ಚಾಚಿ ಹಾಯಾಗಿ ಮಲಗುವುದಕ್ಕೆ ಕಂಫರ್ಟ್. ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವುದಕ್ಕೆ ಲಿಮಿಟ್. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯಲ್ಲ, ಜೀವ ಉಳಿದರೆ ಸಾಕು ಎಂಬ ಸ್ಥಿತಿ. ಕೊಳ್ಳುವಾಗ ಕಂಫರ್ಟ್ ಸಂಖ್ಯೆಯನ್ನಷ್ಟೇ ನೋಡಿ. ಈ ಪರೀಕ್ಷೆ ನಡೆಯುವುದು ಕೆಳಗೆ ಮ್ಯಾಟ್ ಹಾಸಿಯೇ ಎಂಬುದೂ ನೆನಪಿರಲಿ. ಮ್ಯಾಟ್ ಇಲ್ಲದಿದ್ದರೆ ಮೂರು ಸಂಖ್ಯೆಗಳಿಗೂ ಅರ್ಥವಿಲ್ಲ.

ಹವಾಮಾನ ವರದಿ ನೋಡುವಾಗಲೂ ಒಂದು ಎಚ್ಚರ ಬೇಕು. ವರದಿ ತಪ್ಪಲಿನ ಊರಿನದು, ನೀವು ಮಲಗುವುದು ಬೆಟ್ಟದ ಮೇಲೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಹಾಗೆಂದು ಕಣಿವೆಯ ತಳ ಬೆಚ್ಚಗಿರುತ್ತದೆಂದೂ ಅಲ್ಲ: ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಿಂದ ಹರಿದು ಅಲ್ಲೇ ಮಡುಗಟ್ಟುತ್ತದೆ. ತಳಕ್ಕಿಂತ ತುಸು ಮೇಲಿನ ಸಮತಟ್ಟು ಜಾಗವೇ ಲೇಸು.

ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ಬಿಟ್ಟುಬರಲು ಕಾರಣವಿದೆ. ಬೆವರಿಗೆ ತೊಯ್ದ ಅಂಗಿಯಲ್ಲಿ 100 ಗ್ರಾಂ ನೀರಿದೆ ಅನ್ನಿ. ಅದು ಆವಿಯಾಗಲು ಸುಮಾರು 240 ಕಿಲೋಜೂಲ್ ಶಾಖ ಬೇಕು. 75 ವ್ಯಾಟಿನ ದೇಹ ಅಷ್ಟನ್ನು ಹುಟ್ಟಿಸಲು ಐವತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ, ಅದೂ ಬೇರೆಲ್ಲಿಗೂ ಒಂದಿಷ್ಟೂ ಶಾಖ ಸೋರದಿದ್ದರೆ. ಪಾಲಿಯೆಸ್ಟರ್ ನೀರನ್ನು ಎಳೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಬೇಗ ಒಣಗುತ್ತದೆ. ಉಣ್ಣೆ ನೀರು ಹೀರಿದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಮಲಗಲೆಂದೇ ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಕಾಲುಚೀಲ, ಒಂದು ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಏನೇ ಆದರೂ ಅದನ್ನು ಹಗಲು ತೊಡಬೇಡಿ.

ಟೆಂಟ್ ಮೇಲೆ ‘ಇಬ್ಬರಿಗೆ’ ಎಂದು ಬರೆದಿದ್ದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಎಂದರ್ಥ. ಚೀಲಗಳಿಗೆ ಜಾಗ ಬೇಕಿದ್ದರೆ ಮೂವರದನ್ನು ಕೊಳ್ಳಿ. ಹೊರಡುವ ಮೊದಲು ಒಮ್ಮೆ ಕಟ್ಟಿ ನೋಡಲೇಬೇಕು. ಕಂಬ ಮುರಿದಿದೆ, ಗೂಟ ಎರಡು ಕಮ್ಮಿ ಎಂಬುದು ಕತ್ತಲಲ್ಲಿ, ಮಳೆಯಲ್ಲಿ ಗೊತ್ತಾಗಬಾರದು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಹಗ್ಗ ಎಳೆದಾಗ ಅದು ಮಣ್ಣಿಗೆ ಅಡ್ಡ ನಿಲ್ಲಬೇಕು. ಟೆಂಟಿನತ್ತ ವಾಲಿದ್ದರೆ ಮೊದಲ ಬಿರುಗಾಳಿಗೇ ಜಾರಿ ಕಿತ್ತುಬರುತ್ತದೆ. ಅಡಿಗೆ ಹಾಸುವ ಶೀಟ್ ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಲಿ. ಅಂಚು ಹೊರಗೆ ಚಾಚಿದ್ದರೆ ಮಳೆನೀರನ್ನು ಹಿಡಿದು ನೇರ ನಿಮ್ಮ ಕೆಳಕ್ಕೇ ತರುತ್ತದೆ.

ಬೆಳಿಗ್ಗೆ ಟೆಂಟಿನ ಒಳಮೈ ಒದ್ದೆಯಾಗಿದ್ದರೆ ಸೋರಿದೆ ಎಂದು ಗಾಬರಿಯಾಗಬೇಡಿ. ತಿಳಿ ರಾತ್ರಿಯಲ್ಲಿ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ; ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ಹನಿ ಇನ್ನೂ ಹೆಚ್ಚು. ಮೇಲೊಂದು, ಕೆಳಗೊಂದು ಕಿಂಡಿ ತೆರೆದೇ ಇಡಿ, ಮಲಗಿದಾಗ ಒಳಗೋಡೆಗೆ ತಾಗದಿರಿ.

ಗ್ಯಾಸ್ ಎಷ್ಟು ಒಯ್ಯಬೇಕೆಂದು ಊಹಿಸಬೇಕಿಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು 335 ಕಿಲೋಜೂಲ್ ಬೇಕು. ಒಂದು ಗ್ರಾಂ ಗ್ಯಾಸ್ ಸುಮಾರು 45 ಕಿಲೋಜೂಲ್ ಕೊಡುತ್ತದೆ. ಅರ್ಧ ಶಾಖ ಪಾತ್ರೆಯ ಪಕ್ಕದಿಂದ ವ್ಯರ್ಥವಾದೀತೆಂದು ಹಿಡಿದರೆ ಲೀಟರಿಗೆ 15 ಗ್ರಾಂ. ಇಬ್ಬರು ದಿನಕ್ಕೆ ಮೂರು ಲೀಟರ್ ಕುದಿಸಿದರೆ ಎರಡು ದಿನಕ್ಕೆ 90 ಗ್ರಾಂ. 100 ಗ್ರಾಮಿನ ಕ್ಯಾನಿಸ್ಟರ್ (ಗ್ಯಾಸ್ ಡಬ್ಬಿ) ಲೆಕ್ಕಕ್ಕೆ ಸಾಕಾದರೂ ಗಾಳಿ ಬೀಸಿದರೆ ಕೈಕೊಡುತ್ತದೆ, 230 ಗ್ರಾಮಿನದೇ ಇರಲಿ. ಪಾತ್ರೆಗೆ ಮುಚ್ಚಳ ಮರೆಯಬೇಡಿ. ಒಲೆಯ ಕೆಳಗೇ ಕ್ಯಾನಿಸ್ಟರ್ ಇರುವ ಮಾದರಿಗೆ ಸುತ್ತಲೂ ಗಾಳಿತಡೆ ಕಟ್ಟಬೇಡಿ. ಶಾಖ ಹೊರಹೋಗದೆ ಕ್ಯಾನಿಸ್ಟರ್ ಕಾದು ಸಿಡಿಯಬಹುದು. ಬರೀ ಬ್ಯುಟೇನ್ ಇರುವ ಕ್ಯಾನಿಸ್ಟರ್ ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಉರಿಯದು, ಅದು ಕುದಿದು ಅನಿಲವಾಗುವುದೇ -0.5 ಡಿಗ್ರಿಯಲ್ಲಿ. ಚಳಿ ಜಾಗಕ್ಕೆ ಪ್ರೊಪೇನ್ ಬೆರೆತದ್ದು ಬೇಕು.

ಟೆಂಟಿನೊಳಗೆ ಒಲೆ ಹಚ್ಚುವುದು, ಕೆಂಡ ತಂದಿಟ್ಟುಕೊಳ್ಳುವುದು ಬೇಡವೇ ಬೇಡ. ಅವು ಉಗುಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಇದರಿಂದ ಮಲಗಿದಲ್ಲೇ ಸತ್ತವರಿದ್ದಾರೆ.

ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್ ಎಂದಿಟ್ಟುಕೊಳ್ಳಿ, ಬಿಸಿಲಿದ್ದರೆ ಇನ್ನೂ ಹೆಚ್ಚು. ತೊರೆಯ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಬೇಕು, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಅಲ್ಲಿ ನೀರು ಕಡಿಮೆ ತಾಪಕ್ಕೇ ಕುದಿಯುತ್ತದೆ. ನಾರಿನ ಫಿಲ್ಟರ್ ಬ್ಯಾಕ್ಟೀರಿಯಾ ತಡೆದರೂ ವೈರಸ್ ತಡೆಯದು. ಒಮ್ಮೆ ಬಳಸಿದ ಮೇಲೆ ಅದು ಹೆಪ್ಪುಗಟ್ಟಿದರೆ ಹಿಗ್ಗಿದ ಮಂಜುಗಡ್ಡೆ ನಾರುಗಳನ್ನು ಒಡೆದಿರುತ್ತದೆ, ನೋಡಿದರೆ ತಿಳಿಯುವುದಿಲ್ಲ. ಚಳಿಯ ರಾತ್ರಿ ಅದು ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗಿನಲ್ಲೇ ಮಲಗಲಿ.

ಉಳಿದದ್ದು ಚಿಕ್ಕದು. ತಲೆಗೊಂದರಂತೆ ಹೆಡ್‌ಲ್ಯಾಂಪ್, ಬಿಡಿ ಸೆಲ್‌ಗಳು. ಕೆಂಪು ದೀಪವಿದ್ದರೆ ಒಳ್ಳೆಯದು, ಕತ್ತಲಿಗೆ ಒಗ್ಗಲು ಅರ್ಧ ಗಂಟೆ ತೆಗೆದುಕೊಂಡ ಕಣ್ಣು ಅದಕ್ಕೆ ಕೆಡುವುದಿಲ್ಲ. ಓಆರ್‌ಎಸ್, ಬೊಬ್ಬೆಗೆ ಟೇಪ್, ನಿಮ್ಮ ದಿನನಿತ್ಯದ ಮಾತ್ರೆ. ಶೌಚಕ್ಕೆ ಒಂದು ಕೈಗುದ್ದಲಿ: ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳ. ಕೊಡಲಿ, ದೊಡ್ಡ ಚಾಕು ಮನೆಯಲ್ಲಿರಲಿ.

ಚೀಲ ತುಂಬುವಾಗ ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಭಾರದ್ದು ಬೆನ್ನಿಗೆ ಅಂಟಿಕೊಂಡಂತೆ ನಡುವೆ, ಮಳೆಕೋಟು ಎಲ್ಲಕ್ಕಿಂತ ಮೇಲೆ. ಒಟ್ಟು ತೂಕ ನಿಮ್ಮ ತೂಕದ ಐದನೇ ಒಂದು ಭಾಗ ಮೀರಿದರೆ ತಿಂಡಿಯಲ್ಲಿ ಕಡಿತ ಮಾಡಿ, ಮ್ಯಾಟಿಗೆ ಕೈ ಹಚ್ಚಬೇಡಿ. ಮರಳಿದ ದಿನವೇ ಟೆಂಟನ್ನು ನೆರಳಲ್ಲಿ ಹರವಿ ಒಣಗಿಸಿ: ತೇವದಲ್ಲಿ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ, ಒಳಗಿನ ಪಾಲಿಯುರಿಥೇನ್ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದುಮಿ ತುರುಕಿಡದೆ ಸಡಿಲವಾಗಿ ತೂಗುಹಾಕಿ.